ಅಳತೆಕೋಲಿನ ಬುಡ

ನಾನು ಕಣ್ಣಿನ ಡಾಕ್ಟರು. ಯಾರಾದರೂ ದೆವ್ವ ಕಂಡೆ ಎಂದರೆ, ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಗುತ್ತಿದ್ದವಳು. ಈಗಲೂ ದೆವ್ವ ಕಂಡೆ ಎನ್ನುವುದಿಲ್ಲ. ನಾನು ಏನನ್ನೂ ಕಾಣಲೇ ಇಲ್ಲ. ಆದರೆ ಕೆಲವು ವರ್ಷಗಳ ಹಿಂದೆ ದುಬೈನ ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ, ಮಟಮಟ ಮಧ್ಯಾಹ್ನ ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ನದಿ ಕುರುಡು ಎಂಬ ರೋಗದ ಬಗ್ಗೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಆಫ್ರಿಕಾದಲ್ಲಿ ರಭಸದ ಹೊಳೆಗಳ ಬಳಿ ಹುಟ್ಟುವ ಕಪ್ಪು ನೊಣ ಕಚ್ಚಿ ಮೈಯೊಳಗೆ ಹುಳು ಸೇರುತ್ತದೆ. ಚರ್ಮ ತುರಿಸಿ ತುರಿಸಿ ಒರಟಾಗುತ್ತದೆ, ಕೊನೆಗೆ ಕಣ್ಣೇ ಹೋಗುತ್ತದೆ. ಅದಕ್ಕೆ ಇಡೀ ಊರಿಗೇ ಗುಳಿಗೆ ನುಂಗಿಸುತ್ತಾರೆ. ವರ್ಷಕ್ಕೊಮ್ಮೆ ಕೊಟ್ಟರೆ ಸಾಕೇ, ಎರಡು ಸಲ ಕೊಡಬೇಕೇ ಎಂದು ಹಳ್ಳಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡುವುದು ನಮ್ಮ ಕೆಲಸ. ಎಷ್ಟು ಗುಳಿಗೆ ಎನ್ನುವುದು ಮೈತೂಕದ ಮೇಲೆ, ಆದರೆ ಅಲ್ಲಿ ತೂಕದ ಯಂತ್ರ ಹೊತ್ತು ತಿರುಗುವುದು ಆಗದ ಮಾತು. ಹಾಗಾಗಿ ಗೀಟು ಹಾಕಿದ ಒಂದು ಕೋಲು. ಪಕ್ಕದಲ್ಲಿ ನಿಂತವರ ತಲೆ ಯಾವ ಗೀಟಿಗೆ ಮುಟ್ಟುತ್ತದೋ ಅದರಂತೆ ಗುಳಿಗೆ. ಎಲ್ಲಕ್ಕಿಂತ ಕೆಳಗಿನ ಗೀಟು ಮುಟ್ಟದ ಕೂಸುಗಳಿಗೆ ಗುಳಿಗೆಯೇ ಇಲ್ಲ. ಅಷ್ಟು ಚಿಕ್ಕ ಮೈಗೆ ಅದು ಸುರಕ್ಷಿತವೆಂದು ಹೇಳುವ ಧೈರ್ಯ ನಮಗಾರಿಗೂ ಇರಲಿಲ್ಲ.

ಅಂಥದೊಂದು ಹಳ್ಳಿಗೆ ನಾನೊಮ್ಮೆ ಹೋಗಿದ್ದೆ. ಕಣ್ಣು ಕಳೆದುಕೊಂಡ ಒಬ್ಬ ಅಜ್ಜಿ ದಿನವಿಡೀ ಕೋಲಿನ ಬುಡ ಹಿಡಿದು ಕೂತಿರುತ್ತಿದ್ದಳು. ಕೋಲು ಕೆಸರಿನಲ್ಲಿ ಇಳಿದರೆ ಸಣ್ಣ ಮಕ್ಕಳೂ ದೊಡ್ಡವರ ಲೆಕ್ಕಕ್ಕೆ ಸೇರಿಬಿಡುತ್ತಾರೆ ಎನ್ನುವುದು ಅವಳ ಚಿಂತೆ ಎಂದು ಜೊತೆಯವರು ಹೇಳಿದರು. ಹೊರಡುವ ದಿನ ನನ್ನ ಮಣಿಕಟ್ಟು ಹಿಡಿದು ಏನೋ ಹೇಳಿದಳು. ಭಾಷೆ ತಿಳಿಯಲಿಲ್ಲ. ಆ ಕೈ ಹಲ್ಲಿಯ ಮೈಯಂತೆ ಒರಟಾಗಿತ್ತು, ಹಿಡಿತ ಮಾತ್ರ ಬಲವಾಗಿತ್ತು.

ಗೋದಾಮಿಗೆ ಬರುತ್ತೇನೆ. ಹೊಸ ಕೋಲುಗಳನ್ನು ದುಬೈನಲ್ಲೇ ಮಾಡಿಸಿದ್ದೆವು. ಮರುದಿನ ಅವು ಹಡಗು ಹತ್ತಬೇಕಿತ್ತು. ಮಿರ್ದಿಫ್‌ನ ನಮ್ಮ ಮನೆಯಿಂದ ನೇರ ಅಲ್ಲಿಗೆ ಹೋಗಿ, ಒಂದೊಂದೇ ಕೋಲು ತೆಗೆದು ಗೀಟಿನಿಂದ ಗೀಟಿಗೆ ಟೇಪು ಹಿಡಿದೆ. ಎಲ್ಲ ಸರಿಯಿತ್ತು. ಗೋದಾಮು ನೋಡಿಕೊಳ್ಳುವ ಉಡುಪಿಯ ಯೋಗೀಶ ಆಚೆ ತುದಿಯಲ್ಲಿ ಫೋನಿನಲ್ಲಿದ್ದ. ಕಳಿಸಿಬಿಡಿ ಎಂದು ಕೂಗಲು ನಾನು ಬಾಯಿ ತೆರೆದಿದ್ದೆ.

ಆಗ ಯಾರೋ ನನ್ನ ಮಣಿಕಟ್ಟು ಹಿಡಿದರು.

ತಿರುಗಿ ನೋಡಿದೆ, ಯಾರೂ ಇಲ್ಲ. ಆದರೂ ಹಿಡಿತ ಬಿಡಲಿಲ್ಲ. ಅದೇ ಒರಟು ಬೆರಳುಗಳು. ಕೆಳಗೆ ಎಳೆದವು, ನಾನು ಮಂಡಿಯೂರಿ ಕೂರಬೇಕಾಯಿತು. ನನ್ನ ಕೈ ಕೋಲಿನ ಬುಡಕ್ಕೆ ತಾಗಿ ಸಿಬಿರು ಚುಚ್ಚಿತು. ಆಮೇಲೆ ಹಿಡಿತ ಸಡಿಲವಾಯಿತು. ಬುಡ ನೋಡಿದರೆ ಹೊಸದಾಗಿ ಗರಗಸ ಹಾಕಿದ ಮರ. ಕೋಲು ನಿಲ್ಲಿಸಿ, ಈ ಸಲ ಟೇಪನ್ನು ನೆಲದಿಂದ ಹಚ್ಚಿ ಅಳೆದೆ. ಕೆಳಗಿನ ಗೀಟು ಇರಬೇಕಾದ್ದಕ್ಕಿಂತ ಒಂದು ಗೇಣು ಕೆಳಗಿತ್ತು.

ಯೋಗೀಶನನ್ನು ಕರೆದೆ.

“ಕಾರ್ಟನಿಗೆ ಹಿಡೀಲಿಲ್ಲ ಮೇಡಂ, ಉದ್ದ ಆಯ್ತು. ಹಾಗೆ ಬುಡದಲ್ಲಿ ಸ್ವಲ್ಪ ಕಟ್ ಮಾಡಿಸಿದ್ದು,” ಎಂದ. “ಗೀಟಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ, ಬೇಕಾದ್ರೆ ನೋಡಿ.”

“ಎಲ್ಲಾ ಕೋಲೂ ಕೊಯ್ಸೀರೇನ್ರೀ?”

“ಹೌದು, ಎಲ್ಲ ಖಲಾಸ್. ಎಂತ ಆಯ್ತು ಈಗ?”

“ಈಗಷ್ಟ ನಿಲ್ಲಾಕ ಕಲತ ಕೂಸಿಗೂ ಗುಳಿಗಿ ಕೊಡ್ತಾರಲ್ರೀ ಇದನ್ನ ನೋಡಿ! ಒಂದೂ ಹೋಗಬಾರದು, ನಿಲ್ಲಸ್ರಿ.”

ಅವನ ಮುಖ ಬಿಳಚಿತು. ಅವನಿಗೂ ಊರಿನಲ್ಲಿ ಅದೇ ವಯಸ್ಸಿನ ಮಗಳಿದ್ದಳು. ಪಾಪ, ಪೆಟ್ಟಿಗೆಗೆ ಹಿಡಿಯದ್ದನ್ನು ಹಿಡಿಯುವ ಹಾಗೆ ಮಾಡುವುದು ಅವನ ಕಸುಬು. ಮತ್ತೆ ಮಾಡಿಸಿದ ಕೋಲುಗಳು ತಡವಾಗಿಯಾದರೂ ಸರಿಯಾಗಿ ಹೋದವು.

“ನಿನ್ನ ತಲ್ಯಾಗಿನ ಮುದುಕಿ ಅಕಿ. ಹೊರಗಿಂದ ಯಾರೂ ಬಂದಿಲ್ಲ,” ಎನ್ನುತ್ತಾರೆ ನನ್ನ ಯಜಮಾನರು. ಧಾರವಾಡದವರು, ಇಂಜಿನಿಯರು, ಎಲ್ಲಕ್ಕೂ ಕಾರಣ ಬೇಕು ಅವರಿಗೆ. ನನಗೂ ಬೇಕು. ಆ ಹಳ್ಳಿಯವರನ್ನು ವಿಚಾರಿಸಿದೆ: ಅಜ್ಜಿ ಬದುಕಿದ್ದಾಳೆ, ಆ ದಿನ ಅವಳಿಗೆ ಏನೂ ಆಗಿರಲಿಲ್ಲ. ನೆನಪೇ ನನ್ನ ಕೈ ಹಿಡಿಯಿತು ಎಂದು ಒಪ್ಪಿಕೊಳ್ಳಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಆದರೆ ನೆನಪಿಗೆ ನನಗೆ ಗೊತ್ತಿದ್ದಷ್ಟೇ ಗೊತ್ತಿರಬೇಕಲ್ಲ? ಕೋಲು ಕೊಯ್ದದ್ದು ನನಗೆ ಗೊತ್ತಿರಲಿಲ್ಲ.