ಸೋಲಾರ್ ಮೇಲಿನ ಸಂಡಿಗೆ

ಕುಷ್ಟಗಿಗೆ ಹೋಗುವಾಗ ನೀರು ಕುಡಿಯಲೆಂದು ಒಂದು ದಾಳಿಂಬೆ ತೋಟದ ಮನೆ ಮುಂದೆ ಬೈಕ್ ನಿಲ್ಲಿಸಿದೆ. ಆ ಮನೆಗೆ ಕರೆಂಟಿನ ತಂತಿಯೇ ಇಲ್ಲ. ದೀಪ, ಮಿಕ್ಸರ್, ಹೊಸದಾಗಿ ತಂದ ಬ್ಯಾಟರಿ ಸ್ಕೂಟರ್, ಎಲ್ಲಕ್ಕೂ ಮಾಳಿಗೆಯ ಮೇಲಿನ ಸೋಲಾರೇ ಆಧಾರ. ತೋಟದ ಶರಣಪ್ಪ ಸ್ಕೂಟರಿನ ಮುಂದೆ ತಲೆ ಕೆರೆದುಕೊಳ್ಳುತ್ತ ಕುಳಿತಿದ್ದ. ಹನ್ನೆರಡರೊಳಗೆ ಅವನು ತಾಯಿಯನ್ನು ಕುಷ್ಟಗಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು.

"ಮುಂಜಾನಿಂದ ಹಚ್ಚೇನ್ರಿ, ಚಾರ್ಜ್ ಏರವಲ್ದು. ಬಿಸಲ ನೋಡಿದ್ರ ಸುಡಾಕತೈತಿ."

ಇಬ್ಬರೂ ಮಾಳಿಗೆ ಹತ್ತಿದೆವು. ಸೋಲಾರ್ ಪ್ಲೇಟುಗಳ ಮೇಲೆ ಹಳೆಯ ಸೀರೆ ಹಾಸಿತ್ತು. ಸೀರೆಯ ತುಂಬ ಸಂಡಿಗೆ.

"ಯವ್ವಾ, ಇಲ್ಲ್ಯಾಕ ಹಾಕಿದಿ?"

"ಅಲ್ಲೇ ಲಗೂ ಒಣಗತಾವು," ಎಂದರು ಕೆಳಗೆ ನಿಂತ ತಾಯಿ. "ಇನ್ನಾ ಹಸಿ ಅದಾವು. ಎತ್ತಿದ್ರ ಮುದ್ದಿ ಆಗತಾವು, ಮುಟ್ಟಬ್ಯಾಡ."

"ಮತ್ತ ಡಾಕ್ಟರ್?"

ಅವರು ನನ್ನ ಬೈಕನ್ನು ನೋಡಿದರು.

"ತಮ್ಮಾ, ನಿನ್ನ ಗಾಡಿಗೂ ಬಿಸಲ ಬೇಕೇನು?"

"ಬ್ಯಾಡ್ರಿ ಯವ್ವಾ, ಪೆಟ್ರೋಲ್ ಗಾಡಿ."

"ಕುಷ್ಟಗಿಗೇ ಹೊಂಟೀಯಲ್ಲ, ನಡಿ ಮತ್ತ."

ನಾನು ಕೆಳಗಿಳಿದು ಬೈಕ್ ಹತ್ತಿದೆ. ಅವರು ಸೆರಗು ಬಿಗಿದು ಹಿಂದೆ ಕುಳಿತರು. ಬೈಕ್ ಹೊರಟಾಗ ಮಾಳಿಗೆಯತ್ತ ತಿರುಗಿ ಕೂಗಿದರು:

"ಶರಣ್ಯಾ, ಕಾಗಿ ಬರತಾವು. ಕೋಲ ಹಿಡಕೊಂಡು ಅಲ್ಲೇ ಕುಂದ್ರು!"