ಉಡುಗೊರೆ ನಿಮಗೆ, ಚೌಕ ವಾಪಸ್ಸು

ಬೆಳಗಿನ ನಮಾಜು ಮುಗಿದಿದೆ. ಶಿಡ್ಲಘಟ್ಟದ ಈ ಓಣಿಗೆ ಹಾಲಿನವನ ಸೈಕಲ್ ಇನ್ನೂ ಬಂದಿಲ್ಲ. ಹಮೀದಾ ಬೇಗಂ ಬಾಗಿಲು ತೆರೆದಿಟ್ಟು, ಹೊಸ್ತಿಲ ಬೆಳಕಿಗೆ ಹೊಲಿಗೆ ಯಂತ್ರ ಎಳೆದುಕೊಂಡು ಕೂತಿದ್ದಾರೆ. ಟೈಲರ್ ಅಂಗಡಿಗಳಿಂದ ಆಯ್ದು ತಂದ ತುಂಡುಬಟ್ಟೆ ಪಕ್ಕದಲ್ಲಿ ರಾಶಿ ಬಿದ್ದಿದೆ. ರವಿಕೆಯ ಹಸಿರು, ಷರ್ಟಿನ ಗೀಟು, ಯಾರದೋ ಲಂಗದ ಅಂಚು, ಎಲ್ಲ ಕೂಡಿಕೊಂಡು ಒಂದು ಚೌಕವಾಗುತ್ತಿದೆ. ಉಡುಗೊರೆ ನಡುವೆ ಇಟ್ಟು ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದರಾಯಿತು.

"ಪೇಪರ್ ಆದ್ರೆ ಹರಿದು ಬಿಸಾಕ್ತಾರೆ. ಇದನ್ನ ಹರೀಲಿ ನೋಡೋಣ," ಎಂದು ಹೊಲಿಗೆಯನ್ನು ಎರಡೂ ಕೈಯಲ್ಲಿ ಜಗ್ಗಿ ತೋರಿಸುತ್ತಾರೆ.

ಇದು ಅತ್ತೆ ಕಲಿಸಿದ ಪದ್ಧತಿ. ಉಡುಗೊರೆ ಪಡೆದವರು ಚೌಕ ಒಗೆದು, ಒಳಗೆ ಹಿಡಿ ಸಕ್ಕರೆಯನ್ನಾದರೂ ಇಟ್ಟು ಹಿಂದಿರುಗಿಸಬೇಕು. ಗಂಡ ನೂರುಲ್ಲಾ ತೀರಿಕೊಂಡಾಗ ಹಮೀದಾಗೆ ಇನ್ನೂ ಎಳೆ ವಯಸ್ಸು. ರವಿಕೆ, ಲಂಗ ಹೊಲಿದು ಹೊಟ್ಟೆ ಹೊರೆದರು. ಚೌಕ ಮಾತ್ರ ಬಿಡಲಿಲ್ಲ.

ಊರಿನ ಫ್ಯಾನ್ಸಿ ಸ್ಟೋರುಗಳಿಗೆ ಮಿಂಚುವ ಗಿಫ್ಟ್ ಪೇಪರ್ ಬಂದ ಮೇಲೆ ನೆಂಟರಿಗೆ ಚೌಕ ಬಡವರ ಗಂಟಿನಂತೆ ಕಾಣತೊಡಗಿತು. ೧೯೯೧ರಲ್ಲಿ ಚಿಂತಾಮಣಿಯಲ್ಲಿ ಗಂಡನ ಅಣ್ಣ ಖಲೀಮುಲ್ಲಾ ಅವರ ಮಗನ ಮದುವೆ. ರೇಷ್ಮೆ ವ್ಯಾಪಾರದಲ್ಲಿ ಮೇಲೆ ಬಂದ ಮನೆ. ಅತ್ತೆಯೇ ಹೊಲಿದ ಹಳೆಯ ಚೌಕದಲ್ಲಿ ಹಮೀದಾ ಟೀ ಸೆಟ್ ಕಟ್ಟಿಕೊಂಡು ಹೋದರು. ಊಟ ಮುಗಿಸಿ ನೋಡಿದರೆ ಅದೇ ಡಬ್ಬ ಮಿಂಚಿನ ಕಾಗದ ಸುತ್ತಿಕೊಂಡು ಮೇಜಿನ ಮೇಲೆ ಕೂತಿದೆ! ಚೌಕ ಹುಡುಕಿಕೊಂಡು ಹಿತ್ತಲಿಗೆ ಹೋದರು. ಅಡಿಗೆಯವರು ಅದರಲ್ಲಿ ಬಿಸಿ ಮುಚ್ಚಳ ಎತ್ತುತ್ತಿದ್ದರು.

ಮಸಿ ಮೆತ್ತಿದ ಬಟ್ಟೆ ಹಿಡಿದು ಹೆಂಗಸರ ನಡುವೆಯೇ ಬಂದು ಕಾಗದ ಪರಪರ ಹರಿದುಹಾಕಿದರು. ಗಲಾಟೆ ಕೇಳಿ ಖಲೀಮುಲ್ಲಾ ಓಡಿ ಬಂದರು.

"ಇಷ್ಟು ಜನದ ಮುಂದೆ ನನ್ ಮಾನ ತೆಗೀತೀಯಾ?"

"ಇದು ನಿಮ್ಮಮ್ಮ ಹೊಲಿದಿದ್ದು ಭಾಯಿ. ಇದರಲ್ಲಿ ಮಸಿ ಒರೆಸಿದಾಗ ಹೋಗ್ಲಿಲ್ವಾ ಮಾನ?"

ಹಮೀದಾ ಅಲ್ಲೇ ಕೂತು, ಮಸಿಯ ಚೌಕದಲ್ಲೇ ಉಡುಗೊರೆಯನ್ನು ಮತ್ತೆ ಕಟ್ಟಿ, ಎಲ್ಲಕ್ಕಿಂತ ಮೇಲೆ ಇಟ್ಟರು. ಬಸ್ಸಿನಲ್ಲಿ ಊರಿಗೆ ಬರುವಾಗಲೂ ಸಿಟ್ಟು ಇಳಿದಿರಲಿಲ್ಲವಂತೆ.

ಅಂದಿನಿಂದ ಖಲೀಮುಲ್ಲಾ ಮಾತು ಬಿಟ್ಟಿದ್ದಾರೆ. ಆದರೆ ಮರುವರ್ಷ ಆ ಮನೆಯ ಸೊಸೆ ಗೌಹರ್, ಮಗು ಹುಟ್ಟಿದ ಸುದ್ದಿಯೊಂದಿಗೆ ಅದೇ ಚೌಕ ಕಳಿಸಿದಳು. ಒಗೆದು ಮಸಿ ಹೋಗಿತ್ತು. ಒಳಗೆ ಖರ್ಜೂರವಿತ್ತು. ಮಾವನಿಗೆ ಹೇಳಿಯೇ ಕಳಿಸಿದ್ದಳಂತೆ.

ಈಗ ಓಣಿಯಾಚೆಗೂ ಚೌಕಗಳು ಓಡಾಡುತ್ತಿವೆ. ಎದುರುಮನೆಯ ಆದಿಲಕ್ಷ್ಮಮ್ಮ ಮಗಳ ಸೀಮಂತಕ್ಕೆ ಒಯ್ದವರು, ಕೊಬ್ಬರಿ, ಬೆಲ್ಲ ಇಟ್ಟು ತಂದುಕೊಟ್ಟರು. ಒಂದು ಅಂಗಡಿಯವರು ಮಾರಾಟಕ್ಕೆ ಕೇಳಿದಾಗ ಹಮೀದಾ ಒಪ್ಪಲಿಲ್ಲ. "ದುಡ್ಡು ಕೊಟ್ಟು ತಗೊಂಡೋರು ವಾಪಸ್ ಯಾಕಮ್ಮ ಕೊಡ್ತಾರೆ?"

ಏನಾದರೂ ಆಸೆ ಇದೆಯೇ ಎಂದರೆ ದಾರ ಹಲ್ಲಿನಲ್ಲಿ ಕಡಿದು ನಗುತ್ತಾರೆ.

"ಭಾಯಿಗೆ ಮೊಮ್ಮಗ ಇದಾನಲ್ಲ, ಅವನ ಮದುವೆ ಆಗ್ಲಿ. ಕರೆದ್ರೂ ಹೋಗ್ತೀನಿ, ಕರೀದಿದ್ರೂ ಹೋಗ್ತೀನಿ. ಈ ಸಲ ಇನ್ನೂ ದೊಡ್ಡ ಗಂಟು!"