ಆಟದೊಳಗಿನ ಆಲೆಮನೆ

ಆ ಸೋಮವಾರ ನಾನು ಎಂದಿನಂತೆ ಪಾಠ ಮಾಡಲು ಶಾಲೆಗೆ ಹೋದೆ. ನನ್ನ ಯಜಮಾನರು ಕೆ.ಆರ್. ಪೇಟೆ ಬಸ್ಸು ಹತ್ತಿದರು. ಪಾಂಡವಪುರ ದಾಟುವ ಮೊದಲೇ ಎದೆನೋವು ಬಂದು ತೀರಿಕೊಂಡರು.

ತಿಥಿ ಕಳೆದ ಮೇಲೆ ಅವರ ಮೊಬೈಲು ತೆರೆದೆ. ಅದರಲ್ಲಿ ಅವರು ದಿನವೂ ಆಡುತ್ತಿದ್ದ ವ್ಯಾಪಾರದ ಆಟವಿತ್ತು. ಬೇರೆ ಆಟಗಾರರೆಲ್ಲ ಅದರಲ್ಲಿ ದೊಡ್ಡ ಸಕ್ಕರೆ ಕಾರ್ಖಾನೆ ಕಟ್ಟಿದ್ದರು. ಇವರದು ಮಾತ್ರ ಒಂದು ಆಲೆಮನೆ, ಬೆಲ್ಲ ಮಾಡುವ ಸಣ್ಣ ಕಂಪನಿ. ಅದು ಮುಳುಗುವ ಹಂತದಲ್ಲಿತ್ತು. ಅವರದೆಂದು ಇನ್ನೂ ನಡೆಯುತ್ತಿದ್ದುದು ಅದೊಂದೇ, ಹೇಗಾದರೂ ಉಳಿಸಬೇಕೆನಿಸಿತು.

ಅಷ್ಟರಲ್ಲಿ ನಾಗಮಂಗಲದ ಒಬ್ಬ ಆಟಗಾರನ ಸಂದೇಶ ಬಂತು. ಎಲ್ಲಕ್ಕಿಂತ ದೊಡ್ಡ ಕಾರ್ಖಾನೆ ಅವನದು.

"ಎಲ್ಲೋಗಿದ್ಲಾ? ಸತ್ತೋದೆ ಅನ್ಕಂಡಿದ್ದೆ ಕಣ್ಲಾ."

"ಹೌದು, ತೀರಿಕೊಂಡರು. ನಾನು ಅವರ ಹೆಂಡತಿ," ಎಂದು ಬರೆದೆ.

ಆಮೇಲೆ, "ತಪ್ಪಾಯ್ತು ಅಕ್ಕಾ. ನಾವು ಮುಖ ನೋಡ್ದೋರಲ್ಲ, ದಿನಾ ಇಂಗೇ ಬೈದಾಡ್ಕತಿದ್ದೊ," ಎಂದು ಬಂತು.

ಕಂಪನಿ ಉಳಿಸುವುದು ಹೇಗೆಂದು ಅವನನ್ನೇ ಕೇಳಿದೆ.

"ಪುಕ್ಕಟೆ ಬೆಲ್ಲ ನಿಲ್ಸಿ ಅಕ್ಕಾ, ಉಳ್ಕತದೆ. ನೂರು ಸಲ ಯೋಳಿವ್ನಿ. ಆಲೆಮನೆಗೆ ಬಂದೋರ್ನ ಬರಿಗೈಲಿ ಕಳಿಸ್ತಾರೇನ್ಲಾ ಅಂತ ನನ್ನೇ ಬೈಯೋರು."

ಹುಡುಕಿದೆ. ಬಂದ ಪ್ರತಿ ಗಿರಾಕಿಗೂ ಒಂದು ಅಚ್ಚು ಬೆಲ್ಲ ಉಚಿತ ಎಂದು ಅವರು ಗೊತ್ತುಮಾಡಿದ್ದರು. ಅದನ್ನು ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ.

"ಹಾಗೇ ಇರಲಿ," ಎಂದು ಅವನಿಗೆ ಬರೆದೆ.

"ನೀವೂ ಅವ್ರಂಗೇ ಬುಡಿ ಅಕ್ಕಾ. ನಾನಂತೂ ನಿಮ್ಗೋಸ್ಕರ ನನ್ ಸಕ್ರೆ ರೇಟು ಏರ್ಸಕಿಲ್ಲ."

ಮುಂದಿನ ಶುಕ್ರವಾರ ಕಂಪನಿ ದಿವಾಳಿಯಾಗಿ ಮುಚ್ಚಿತು. ಗೋದಾಮಿನಲ್ಲಿ ಒಂದು ಅಚ್ಚು ಬೆಲ್ಲವೂ ಉಳಿದಿರಲಿಲ್ಲ.